ಮೀನುಗಳ ಒಪ್ಪತ್ತು

ಗಡ್ಡ ಬರುವುದು ಗಂಡಸಿಗೆ ಮತ್ತು ಹೋತಕ್ಕೆ ಮಾತ್ರ ಎಂದು ನಂಬಿದ್ದ ನನಗೆ, ಗಾಜಿಗೂ ಗಡ್ಡ ಬರುತ್ತದೆಂಬ ಜ್ಞಾನೋದಯವಾದದ್ದು ನಡುವಯಸ್ಸಿನಲ್ಲಿ. ಕಾರವಾರದಲ್ಲಿ ನೌಕರಿಗಿದ್ದ ನನ್ನ ಬಾಮೈದ ಗುರುಬಸವ, ಅಕ್ಕನ ಮೇಲಿನ ಪ್ರೀತಿಗೋ ಭಾವನ ಮೇಲಿನ ಸೇಡಿಗೋ, ಕೊಟ್ಟೂರಿನ ನಮ್ಮ ಪಡಸಾಲೆಯ ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿಯನ್ನೂ, ಅದರೊಳಗೆ ಉಪ್ಪುನೀರನ್ನೂ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಕಡಲ ಮೀನುಗಳನ್ನೂ ಪ್ರತಿಷ್ಠಾಪಿಸಿ ಹೋದ. ಓದುಗ ಮಿತ್ರರೆ, ಸಿಹಿನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಊರಿಗೆ ಸಮುದ್ರ ಬಂದದ್ದು ಹೀಗೆ.

ಬಂದ ಸಮುದ್ರ ಸುಮ್ಮನಿರಲಿಲ್ಲ, ಹಸಿರಾಯಿತು. ಮೊದಲು ಮೂಲೆಯಲ್ಲಿ ಚಿಗುರುಮೀಸೆಯಷ್ಟು ಪಾಚಿ. ನೋಡನೋಡುತ್ತ ಋಷಿಮುನಿಗಳ ಗಡ್ಡ. ದಿನಾ ಬೆಳಿಗ್ಗೆ ನನ್ನ ಕೆನ್ನೆ ಮುಗಿಸಿ ಅದೇ ಶ್ರದ್ಧೆಯಿಂದ ಗಾಜನ್ನೂ ಹೆರೆದೆ, ಕಲ್ಲಿನ ಸಂದುಗಳನ್ನು ಬ್ರಶ್ಶಿನಿಂದ ತಿಕ್ಕಿದೆ. ಪಾಚಿ ನನ್ನನ್ನು ತನ್ನ ಖಾಸಗಿ ಕ್ಷೌರಿಕನೆಂದು ಒಪ್ಪಿಕೊಂಡಿತೇ ಹೊರತು ಜಾಗ ಬಿಡಲಿಲ್ಲ. ಎದುರುಮನೆಯ ಗೌರಮ್ಮ ಬಗ್ಗಿ ನೋಡಿ, "ಏನ್ರಿ ಇದು, ಮೀನನ್ನ ಪಾಲಕ್ ಸಾರಿನಾಗ ಬಿಟ್ಟೀರೇನು?" ಎಂದು ನಕ್ಕರು, ನಗುತ್ತಲೇ ತಾವೂ ಒಂದು ಚಿಟಿಕೆ ಮೇವು ಉದುರಿಸಿದರು.

ಮರ್ಮವಿದ್ದದ್ದು ಆ ಚಿಟಿಕೆಯಲ್ಲೇ. ಮನೆಗೆ ಬಂದವರ ಕೈಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಕೊಟ್ಟ ಮೇಲೆ, ಅವ್ವ ಮೀನಿನ ಡಬ್ಬಿಯನ್ನೂ ಮುಂದೆ ಹಿಡಿದು, "ಅವಕ್ಕೂ ಒಂದೀಟು ಹಾಕ್ರಿ, ಬಾಯಿ ಬಿಟ್ಟು ಕೇಳಂಗಿಲ್ಲ ಪಾಪ" ಎನ್ನುವಳು. ಬಾಯಿ ಬಿಡುವುದರ ಹೊರತು ಬೇರೆ ಉದ್ಯೋಗವೇ ಇಲ್ಲದ ಜೀವಗಳವು! ಡಬ್ಬಿಯಲ್ಲಿದ್ದದ್ದು ಒಣಸಿಗಡಿಯ ಪುಡಿ ಎಂಬುದನ್ನು, ಮೂರು ಹೊತ್ತು ವಿಭೂತಿ ಧರಿಸುವ ಅವ್ವನಿಗೆ ತಿಳಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗುರುಬಸವ ಫೋನಿನಲ್ಲಿ ತೀರ್ಪು ಕೊಟ್ಟ: "ಭಾವಾ, ಮೀನು ತಿಂದು ಮಿಕ್ಕಿದ್ದು ಕೊಳೀತೈತಿ, ಅದನ್ನ ಉಂಡು ಪಾಚಿ ಬೆಳೀತೈತಿ. ದಿನಕ್ಕ ಒಂದು ಚಿಟಿಕಿ ಸಾಕು. ಹಿಂಗಾ ಬಿಟ್ರ ಸಾಯ್ತಾವು. ನಾ ಬಂದಾಗ ನೀರು ತಿಳಿ ಇರಲಿಲ್ಲಂದ್ರ ವಾಪಸ್ ಒಯ್ತೀನಿ ನೋಡ್ರಿ."

ನಾನು ಅದನ್ನು ತಿಳಿಸಿದಾಗ, ಹಡಗಲಿಯ ಮಲ್ಲಿಗೆ ಕಟ್ಟುತ್ತ ಕೂತು, ಊರ ಸುದ್ದಿಯನ್ನೆಲ್ಲ ಆ ಜೋಡಿ ಮೀನಿಗೆ ವರದಿ ಒಪ್ಪಿಸುತ್ತಿದ್ದ ಅವ್ವನ ಕೈ ನಿಂತಿತು. ಅವುಗಳನ್ನು ಬಿಟ್ಟಿರಲಾರಳು, ಹಸಿವಿನಲ್ಲಿಡಲೂ ಆರಳು. "ಮನಿಗೆ ಬಂದ ಜೀವಾನ ಉಪಾಸ ಕೆಡವು ಅಂತೀಯೇನಲೇ? ಹಸಿವು ಅಂದ್ರ ಏನಂತ ಗೊತ್ತೈತೇನು ನಿನಗ?" ಎಂದು ನನ್ನ ಹೊಟ್ಟೆಯ ಸುತ್ತಳತೆಯನ್ನು ಕಣ್ಣಲ್ಲೇ ಅಳೆದಳು.

ದಾರಿ ಕಾಣಿಸಿದವಳು ನನ್ನ ಹೆಂಡತಿ. "ಉಪಾಸ ಯಾಕ್ರಿ ಅತ್ತಿ? ಶ್ರಾವಣ ಬಂತಲ್ರಿ, ನಿಮ್ಮ ಜೋಡಿ ಅವೂ ಒಪ್ಪತ್ತು ಮಾಡ್ಲಿ."

ಧರ್ಮಸೂಕ್ಷ್ಮವೆಂದರೆ ಇದೇ. ಹಸಿವಿನಲ್ಲಿ ಕೆಡವುವುದು ಪಾಪ. ಅದೇ ಹಸಿವಿಗೆ ವ್ರತವೆಂದು ಹೆಸರಿಟ್ಟರೆ ಪುಣ್ಯ. ಸಂಜೆ ಪೂಜೆ ಮುಗಿಸಿ ಅವ್ವ ಉಣ್ಣುವ ಹೊತ್ತಿಗೆ ಮೀನಿಗೂ ಒಂದೇ ಚಿಟಿಕೆ. ಡಬ್ಬಿಗೆ ಕೈಹಾಕಿದ ಗೌರಮ್ಮನಿಗೆ "ಬ್ಯಾಡ್ರಿ, ಅವು ಒಪ್ಪತ್ತು ಅದಾವು" ಎಂದು ಅವ್ವ ಅಂದದ್ದೇ ತಡ, ಅವರು ಕೈ ಹಿಂತೆಗೆದು ತೊಟ್ಟಿಗೆ ನಮಸ್ಕಾರವನ್ನೇ ಮಾಡಿಬಿಟ್ಟರು. ನಾನು ಬೇಡಿಕೊಂಡರೂ ನಿಲ್ಲದ ದಾಸೋಹ ಒಂದೇ ಮಾತಿಗೆ ನಿಂತಿತು.

ಅಷ್ಟಕ್ಕೇ ಅವ್ವನಿಗೆ ಸಮಾಧಾನವಾಗಲಿಲ್ಲ. ನಾನು ಪಡಸಾಲೆಯಲ್ಲಿ ಮಿರ್ಚಿ ಬಜ್ಜಿ ಮುರಿಯುತ್ತಿದ್ದಾಗ, "ಒಪ್ಪತ್ತು ಇದ್ದೋರ ಮುಂದ ತಿಂತೀಯಲ್ಲ, ನಾಚ್ಗಿ ಇಲ್ಲೇನು?" ಎಂದು ಗದರಿ, ತನ್ನ ಹಳೆಯ ಇಳಕಲ್ ಸೀರೆಯನ್ನು ತೊಟ್ಟಿಯ ಸುತ್ತ ಕಟ್ಟಿದಳು. ಅಂದಿನಿಂದ ನಿತ್ಯ ಬೆಳಗಿನಿಂದ ಸಂಜೆಯ ಪೂಜೆಯವರೆಗೆ ಸಮುದ್ರಕ್ಕೆ ಸೆರಗು.

ಶ್ರಾವಣ ಮುಗಿದು ಗುರುಬಸವ ಬಂದು ಸೀರೆ ಸರಿಸಿದಾಗ ಗಾಜು ಕನ್ನಡಿಯಂತಿತ್ತು. "ಬೆಳಕೂ ಪಾಚಿಗೆ ಊಟಾನ ಭಾವಾ! ಮುಚ್ಚಬೇಕಂತ ನಿಮಗ ಯಾರು ಹೇಳಿದ್ರು?" ಎಂದು ಬೆರಗಾದ. ನಾನು ಗಂಭೀರವಾಗಿ ಮಿರ್ಚಿಯ ತಟ್ಟೆಯನ್ನು ನೋಡಿದೆ. ಪಾಚಿ ಎಲ್ಲಿಂದಲೋ ದಂಡೆತ್ತಿ ಬಂದ ಶತ್ರುವಲ್ಲ, ಮಿತ್ರರೆ. ನಮ್ಮ ಅಕ್ಕರೆಯಲ್ಲಿ ಮೀನು ಉಂಡು ಮಿಕ್ಕಿದ್ದೇ ಹಸಿರಾಗಿ ಗಾಜಿಗೆ ಅಂಟಿತ್ತು.

ವಾಪಸ್ ಒಯ್ಯುವ ಮಾತನ್ನು ಗುರುಬಸವ ಎತ್ತಲಿಲ್ಲ. ಖುಷಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದು ಚಿಟಿಕೆ ಎತ್ತಿದ. ಅವ್ವ ಅವನ ಮಣಿಕಟ್ಟು ಹಿಡಿದಳು.

"ಶ್ರಾವಣ ಮುಗೀತಲ್ರಿ ಅತ್ತಿ?"

"ನಿನಗ ಮುಗೀತು. ಅವು ಕಾರ್ತೀಕದ ತನಕ ಹಿಡದಾವು. ಮುಚ್ಚಳಾ ಹಾಕು."