ಸಂಪತ್ ಮೇಷ್ಟ್ರ ಕ್ಷಮಾಪಣೆ

ಸಂಪತ್ ಮೇಷ್ಟ್ರು ನಗುವಾಗ ಸದ್ದೇ ಬರುತ್ತಿರಲಿಲ್ಲ. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಅಳುತ್ತಿದ್ದಾರೆಂದು ಹೊಸಬರು ಗಾಬರಿಯಾಗುತ್ತಿದ್ದರು. ಅವರನ್ನು ಹಾಗೆ ನಗಿಸುತ್ತಿದ್ದದ್ದು ನಾನೂರು-ಐನೂರು ವರ್ಷ ಹಿಂದಿನ ಯೂರೋಪಿನ ಅಣಕುಚಿತ್ರಗಳು. ಕ್ರೈಸ್ತರ ಎರಡು ಪಂಥಗಳು ಧರ್ಮದ ಹೆಸರಲ್ಲಿ ತಲೆಮಾರುಗಟ್ಟಲೆ ಹೊಡೆದಾಡಿದ ಕಾಲದಲ್ಲಿ ಬೀದಿಬೀದಿಯಲ್ಲಿ ಮಾರುತ್ತಿದ್ದ ಹಾಳೆಗಳವು. ಮೈಸೂರಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾಗಿ, ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ಮಗಳ ಮನೆ ಸೇರಿದ್ದ ಮೇಷ್ಟ್ರು ಅವುಗಳ ಪ್ರತಿ ತೆಗೆಸಿ ಗರಾಜಿನ ಗೋಡೆ ತುಂಬ ಅಂಟಿಸಿದ್ದರು. ಒಂದರಲ್ಲಿ ಧರ್ಮಗುರುವಿಗೆ ಕತ್ತೆಯ ತಲೆ. ಪಕ್ಕದಲ್ಲೇ ಎದುರು ಪಂಥದ ಬೋಧಕನಿಗೆ ಏಳು ತಲೆ. ಅಳಿಯ ಪಾಪ, ಕಾರನ್ನು ಹೊರಗೇ ನಿಲ್ಲಿಸಿಕೊಳ್ಳುತ್ತಿದ್ದ.

ನಮ್ಮ ಕನ್ನಡ ಕೂಟದ ಪರವಾಗಿ ಮೇಷ್ಟ್ರು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದದ್ದೂ ಅದೇ ಗರಾಜಿನಲ್ಲಿ. ಎರಡು ಸೈನ್ಯಗಳು ಒಂದು ಹಳ್ಳಿಯನ್ನು ದೋಚುವ ಚಿತ್ರ ನೋಡಿ ನನ್ನ ಮಗಳು ಒಮ್ಮೆ, “ಇದ್ರಲ್ಲಿ ಗುಡ್ ಗೈ ಯಾರು, ತಾತ?” ಎಂದಳು.

“ಮೂಲೇಲಿ ಬರೀ ಹಗ್ಗ ಹಿಡ್ಕೊಂಡು ನಿಂತಿದಾನಲ್ಲ ಪುಟ್ಟಿ, ಆ ರೈತ. ಅವನ ಕುರಿ ಎರಡು ಕಡೆಯೋರಿಗೂ ಊಟಕ್ಕಾಯ್ತು.”

“ದಟ್ಸ್ ನಾಟ್ ಫೇರ್.”

“ಅಷ್ಟೇ ಕಣಮ್ಮ ಇವತ್ತಿನ ಪಾಠ,” ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು.

ಕೂಟದ ಸಂಚಿಕೆಗೆ ನಾನು ಸಂಪಾದಕಿ. ಆ ಚಿತ್ರ ಹಾಕೋಣ, ಅಡಿಬರಹ ಬರೆದುಕೊಡಿ ಎಂದು ಗಂಟುಬಿದ್ದವಳೂ ನಾನೇ. ಮೇಷ್ಟ್ರು ಬರೆದರು: ‘ಎರಡು ಕಡೆಯ ಧರ್ಮರಕ್ಷಕರೂ ಸೇರಿ ರೈತನಿಗೆ ಮೂರು ನಾಮ ಹಾಕಿದರು.’ ಟೋಪಿ ಹಾಕಿದರು ಅನ್ನುವ ಹಾಗೆ, ಮೋಸಕ್ಕೆ ನಾವೆಲ್ಲ ಆಡುವ ಮಾತು. ಓದಿ ನಕ್ಕು ಅಚ್ಚಿಗೆ ಕಳಿಸಿದೆ.

ಸಂಚಿಕೆ ಹಂಚಿದ ವಾರವೇ ವಾಟ್ಸಾಪಿನಲ್ಲಿ ರಂಪ ಶುರುವಾಯಿತು. ನಾಮ ಪವಿತ್ರ ಚಿಹ್ನೆ, ಅದನ್ನು ಮೋಸಕ್ಕೆ ಬಳಸಿದ್ದು ಧರ್ಮನಿಂದೆ ಎಂದು ಹತ್ತಿರದ ಸ್ಯಾನ್ ಮಟಿಯೋ ಊರಿನ ಸದಸ್ಯರೊಬ್ಬರು ಬರೆದರು. ದಿನವೂ ಸ್ನಾನ ಮಾಡಿ ನಾಮ ಇಟ್ಟುಕೊಂಡೇ ಮೇಷ್ಟ್ರು ಕಾಫಿ ಕುಡಿಯುವುದು ಎಂದು ನಾನು ತಿಳಿಸಿದೆ. ಅದೂ ಅಣಕವೇ ಇರಬೇಕು ಎಂಬ ಉತ್ತರ ಬಂತು. ಇಂಥವರಿಗೆ ಏನು ಹೇಳುವುದು? ಮೇಷ್ಟ್ರು ಮುಂದಿನ ಸಂಚಿಕೆಯಲ್ಲಿ ಕ್ಷಮೆ ಕೇಳದಿದ್ದರೆ ತರಗತಿ ನಿಲ್ಲಿಸುವುದೆಂದು ಕೂಟದ ಸಮಿತಿ ತೀರ್ಮಾನಿಸಿತು.

“ಮಕ್ಕಳ ಕ್ಲಾಸು ಉಳೀಲಮ್ಮ. ಕ್ಷಮೆ ಕೇಳೋದೇನು ಮಹಾ,” ಎಂದು ಮೇಷ್ಟ್ರು ಬರೆದುಕೊಟ್ಟರು: ‘ನನ್ನ ಮಾತಿನಿಂದ ನೊಂದ ಎಲ್ಲ ಧರ್ಮರಕ್ಷಕರಲ್ಲಿ ಕ್ಷಮೆ ಕೋರುತ್ತೇನೆ.’ ಇದು ವ್ಯಂಗ್ಯ ಎಂದು ಸಮಿತಿ ವಾಪಸ್ಸು ಕಳಿಸಿತು. ‘ಅಲ್ಪಮತಿಯಾದ ನಾನು’ ಎಂದು ಶುರುಮಾಡಿದರೆ, ಅತಿವಿನಯ, ಗೇಲಿ ಎಂದರು. ಕೊನೆಗೆ ‘ಕ್ಷಮಿಸಿ’ ಎಂದಷ್ಟೇ ಬರೆದರು. ಅದು ಉಡಾಫೆಯಾಯಿತು.

ಆ ಮಧ್ಯಾಹ್ನ ಮೇಷ್ಟ್ರು ಗರಾಜಿನ ಮಕ್ಕಳ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. “ನಿಜವಾಗ್ಲೂ ಕೇಳ್ತಾ ಇದೀನಿ ಕಣಮ್ಮ. ನಿಜ ಹೇಳಿದ್ರೂ ಹಾಸ್ಯ ಅಂದ್ರೆ ನಾನೇನು ಮಾಡ್ಲಿ? ನೀನೇ ಬರಿ. ಆಫೀಸಿನ ಈಮೇಲು ಬರೆದು ನಿಂಗೆ ಅಭ್ಯಾಸ ಇದೆ.”

ಆಗುವುದಿಲ್ಲ ಎನ್ನಬೇಕಿತ್ತು. ಸಮಿತಿಗೆ ರಾಜೀನಾಮೆ ಬಿಸಾಕಿ ಬರಬೇಕಿತ್ತು. ಆದರೆ ತರಗತಿ ನಿಂತರೆ ನನ್ನ ಮಗಳ ಕನ್ನಡವೂ ನಿಲ್ಲುತ್ತಿತ್ತು; ನನಗೆ ಧೈರ್ಯ ಸಾಲಲಿಲ್ಲ. ‘ಉದ್ದೇಶಪೂರ್ವಕವಲ್ಲದ ಅನಾನುಕೂಲತೆಗಾಗಿ ವಿಷಾದಿಸುತ್ತೇನೆ’ ಎಂಬಂಥ ಹತ್ತು ಸಾಲು ಬರೆದೆ. ಮೇಷ್ಟ್ರು ಓದದೆ ಸಹಿ ಹಾಕಿದರು. ಸಮಿತಿ ಅರ್ಧ ಗಂಟೆಯಲ್ಲಿ ಒಪ್ಪಿತು.

ಸಂಚಿಕೆ ಹೊರಬರುವ ಹೊತ್ತಿಗೆ ಮೇಷ್ಟ್ರೇ ಇರಲಿಲ್ಲ. ಹೃದಯಾಘಾತ, ಆಸ್ಪತ್ರೆಗೆ ಒಯ್ಯುವುದಕ್ಕೂ ಸಮಯ ಸಿಗಲಿಲ್ಲವಂತೆ. ಒಂದು ಪ್ರತಿ ಕೊಡಲು ಮನೆಗೆ ಹೋದೆ. ಅಪ್ಪನ ಹೆಸರಿನಲ್ಲಿ ಅಚ್ಚಾದ ಕೊನೆಯ ಬರಹವೆಂದು ಅವರ ಮಗಳು ನಿಂತಲ್ಲೇ ಓದಿದರು. ಮತ್ತೆ ಮೊದಲಿಂದ ನಿಧಾನವಾಗಿ ಓದಿದರು.

“ಅಪ್ಪ ಇದ್ರಲ್ಲಿ ಎಲ್ಲಿ ತಮಾಷೆ ಮಾಡಿದಾರೆ? ನಂಗೆ ಸಿಕ್ತಾನೇ ಇಲ್ಲ,” ಎಂದರು.

ಬರೆದವಳು ನಾನು ಎನ್ನುವ ಬದಲು ನಾನೂ ಪುಟದ ಮೇಲೆ ಬಗ್ಗಿ ಹುಡುಕುವವಳ ಹಾಗೆ ನೋಡಿದೆ. ಅವರು ಇನ್ನೊಮ್ಮೆ ಓದಬೇಕೆಂದು ಕನ್ನಡಕ ತರಲು ಒಳಗೆ ಹೋದರು.