ನಾನು ಹಿಂಪಡೆದ ವರದಿ, ನೀಲವ್ವನ ಹೆಬ್ಬೆಟ್ಟು

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತೆರೆದ ವರ್ಷ ಅದು. ಆಗ ನಾನು ರಾಮದುರ್ಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮ ಹಾಜರಿಗೆ ಬೆರಳಿಡುವ ಯಂತ್ರವಿತ್ತು. ಅದರ ತಂತ್ರಾಂಶ ಪುಕ್ಕಟೆಯದು. ದೋಷ ಕಂಡವರು ತಂತ್ರಾಂಶ ಮಾಡಿದ ಪರದೇಶದವರ ವೆಬ್‌ಸೈಟಿಗೆ ಬರೆದು ಕಳಿಸಬಹುದಿತ್ತು.

ಒಂದು ಬೆಳಿಗ್ಗೆ ಕಸ ಹೊಡೆಯುವ ನೀಲವ್ವ ಯಂತ್ರ ಒರೆಸುತ್ತಿದ್ದಳು. ಅವಳ ಹೆಬ್ಬೆಟ್ಟು ತಾಗಿದ್ದೇ ತಡ, ಪರದೆಯ ಮೇಲೆ ನನ್ನ ಹೆಸರು, ನನ್ನ ಫೋಟೋ! ಮತ್ತೊಮ್ಮೆ ಇಡಿಸಿದೆ. ಮತ್ತೆ ನಾನೇ. ಅವಳು ದಿನಗೂಲಿಯವಳು, ಅವಳ ಹೆಸರೇ ಅದರಲ್ಲಿರಲಿಲ್ಲ.

ನನಗೆ ಎಲ್ಲಿಲ್ಲದ ಹುರುಪು. ಅಂದೇ ಕೂತು, ‘ಒಬ್ಬರ ಬೆರಳಿಗೆ ಇನ್ನೊಬ್ಬರ ಹಾಜರಿ ಬೀಳುತ್ತದೆ, ದೊಡ್ಡ ಭದ್ರತಾ ಲೋಪ’ ಎಂದು ವರದಿ ಕಳಿಸಿದೆ. ಅವರು ಅದಕ್ಕೊಂದು ನಂಬರು ಕೊಟ್ಟು, ನನ್ನ ಹೆಸರಿನ ಸಮೇತ ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಅಬ್ಬಾ, ನನ್ನ ಜಂಬ ಏನು ಕೇಳುತ್ತೀರಿ! ಸ್ಟಾಫ್ ರೂಮಿನಲ್ಲಿ ಮೊಬೈಲ್ ಹಿಡಿದು ತೋರಿಸಿದ್ದೇ ತೋರಿಸಿದ್ದು. ನೀಲವ್ವನಿಗೂ ತೋರಿಸಿದೆ. “ನೋಡಿಲ್ಲಿ, ನನ್ನ ಹೆಸರು ಪರದೇಶದ ಮಂದಿ ಓದಾಕತ್ತಾರ” ಎಂದೆ. ಅವಳು ನಕ್ಕಳು.

ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಅವರು ಅದನ್ನು ಬೇರೆಯೇ ರೀತಿ ತಿಳಿದರು.

“ಆಕಿ ಹೆಬ್ಬೆಟ್ಟಿಗೆ ನಿಮ್ಮ ಹಾಜರಿ ಬೀಳತೈತಿ ಅಂದ್ರ ಆಕಿನ ಏನರ ಕಿತಾಪತಿ ಮಾಡಿರಬೇಕು. ಸೋಮವಾರದಿಂದ ಕೆಲಸಕ್ಕ ಬರೂದು ಬ್ಯಾಡ ಅಂತ ಹೇಳ್ರಿ.”

“ಇಲ್ರೀ ಸರ್, ತಪ್ಪು ತಂತ್ರಾಂಶದ್ದು” ಎಂದರೆ ಕೇಳಲಿಲ್ಲ. ಬಾಗಿಲಲ್ಲೇ ನಿಂತಿದ್ದ ನೀಲವ್ವ ತುಟಿ ಪಿಟಕ್ಕೆನ್ನಲಿಲ್ಲ. ಆ ಕೆಲಸ ಬಿಟ್ಟರೆ ಅವಳ ಮನೆಗೆ ಬೇರೆ ಗತಿಯಿರಲಿಲ್ಲ.

ಶನಿವಾರ ತಂತ್ರಾಂಶದವರ ಉತ್ತರ ಬಂತು. ‘ನಿಮ್ಮ ಹೆಬ್ಬೆರಳು ದಾಖಲಾದ ದಿನ ನೋಡಿ. ಅಂದು ಇಟ್ಟದ್ದು ನಿಮ್ಮದೇ ಬೆರಳೇ?’ ಎಂದು ಕೇಳಿದ್ದರು. ಇದೆಂಥ ಪ್ರಶ್ನೆ ಎಂದು ಸಿಟ್ಟು ಬಂತು. ಆದರೂ ನೋಡಿದೆ. ಎರಡು ವರ್ಷದ ಹಿಂದೆ, ತಂಗಿಯ ಮದುವೆ ಮುಗಿಸಿಕೊಂಡು ಬಂದ ಮರುದಿನ! ಆಗ ಎಲ್ಲ ನೆನಪಾಯಿತು.

ಅವತ್ತು ಎರಡು ಬೆರಳು ಕೊಡಬೇಕಿತ್ತು. ಎಡಗೈ ತೋರುಬೆರಳು ಹೇಗೋ ಹಿಡಿಯಿತು. ಆಮೇಲೆ ದಿನಾ ಇಡುತ್ತಿದ್ದದ್ದೂ ಅದನ್ನೇ. ಬಲಗೈ ಹೆಬ್ಬೆಟ್ಟಿಗೆ ಮೆಹಂದಿ ದಟ್ಟವಾಗಿತ್ತು, ಎಷ್ಟು ಒತ್ತಿದರೂ ಯಂತ್ರ ಒಲ್ಲೆ ಎನ್ನುತ್ತಿತ್ತು. “ಸರೀರಿ ಅಕ್ಕಾರ, ಹೆಬ್ಬೆಟ್ಟ ಒತ್ತೂದು ನಮಗ ರೂಢಿ ಐತಿ” ಎಂದು ನೀಲವ್ವ ತನ್ನದನ್ನೇ ಇಟ್ಟಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಚಹಾ ಕುಡಿದು ನಾನು ಮರೆತೇಬಿಟ್ಟಿದ್ದೆ.

ಕೂಡಲೇ ‘ತಪ್ಪು ನನ್ನದು’ ಎಂದು ಬರೆದು ವರದಿ ಹಿಂದಕ್ಕೆ ಪಡೆದೆ. ಪ್ರಿನ್ಸಿಪಾಲರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಲರೆದುರು ಬೈಸಿಕೊಂಡೆ. ನೀಲವ್ವನ ಕೆಲಸ ಉಳಿಯಿತು.

“ನಿನಗ ಇದು ನೆನಪಿತ್ತೇನು?” ಎಂದು ಅವಳನ್ನು ಕೇಳಿದೆ.

“ಇತ್ರಿ.”

“ಮತ್ತ ಯಾಕ ಹೇಳಲಿಲ್ಲ ಯವ್ವಾ? ಕೆಲಸ ಹೋಗತಿತ್ತಲ್ಲ!”

“ನಿಮ್ಮ ಹೆಸರು ಪರದೇಶದ ಮಂದಿ ಓದಾಕತ್ತಾರಂತ ಎಷ್ಟ ಖುಷಿಲೆ ತೋರಿಸಿದ್ರಿ ಅಕ್ಕಾರ. ನನ್ನ ಬಾಯಿಂದ ಅದು ಯಾಕ ಕೆಡಬೇಕ್ರಿ?”



ಈಗ ನಾನು ಸವದತ್ತಿಯಲ್ಲಿದ್ದೇನೆ. ಆ ವೆಬ್‌ಸೈಟಿನಲ್ಲಿ ನನ್ನ ವರದಿ ಇಂದಿಗೂ ಇದೆ, ಹಿಂಪಡೆಯಲಾಗಿದೆ ಎಂಬ ಮುದ್ರೆಯೊಂದಿಗೆ. ನೀಲವ್ವ ನೆನಪಾದಾಗಲೆಲ್ಲ ತೆಗೆದು ನೋಡುತ್ತೇನೆ. ಪರದೇಶಕ್ಕೆ ಬರೆಯುವ ಮುಂಚೆ ಪಕ್ಕದಲ್ಲೇ ನಿಂತಿದ್ದವಳನ್ನು ಒಂದು ಮಾತು ಕೇಳಲಿಲ್ಲವಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.