ಜೂರಾಕಾನ್ ಹೊಲಿದ ಬ್ಯಾಕ್ಟೀರಿಯಾ

ಕಿರ್ಗಿಸ್ತಾನದ ನಮ್ಮೂರು ಕೋಚ್ಕೋರಿನಲ್ಲಿ ಜೂರಾಕಾನ್ ಕೈಯ ಕಂಬಳಿ ಇಲ್ಲದ ಮನೆ ಕಡಿಮೆ. ಉಣ್ಣೆಗೆ ಬಿಸಿನೀರು ಸುರಿದು ತುಳಿಯುವಾಗ ಅವಳಾಡುವ ಮಾತಿಗೆ ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಗುತ್ತಿತ್ತು. ಒಂದು ವಸಂತದಲ್ಲಿ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನಾದಿನಿ ಅಸಿಲ್‌ಕಾನ್ ಅವಳ ಬಳಿ ಬಂದು, ಮಕ್ಕಳಿಗೆ ತೋರಿಸಲು ಜೀವಕೋಶಗಳನ್ನು ಉಣ್ಣೆಯಲ್ಲಿ ಮಾಡಿಕೊಡು ಎಂದಳು.

ಚಿತ್ರ ನೋಡಿಕೊಂಡು ಜೂರಾಕಾನ್ ಮೂರು ಹೊಲಿದಳು. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಬೇಕೆಂದು ಹಳೆಯ ಗುಡಾರದ ಕಡ್ಡಿಗಳನ್ನು ಕೂರಿಸಿ, ಒಳಗೆ ಪತ್ರಹರಿತ್ತಿಗೆಂದು ಹಸಿರು ಅಂಗಿಗುಂಡಿಗಳನ್ನಿಟ್ಟಳು. ಪ್ರಾಣಿಯ ಕೋಶ ದಿಂಬಿನಂತೆ ಮೆತ್ತಗಿತ್ತು. ಎರಡರೊಳಗೂ ಕೆಂಪು ಉಂಡೆಯ ಕೋಶಕೇಂದ್ರ. ಪುಟ್ಟ ಬ್ಯಾಕ್ಟೀರಿಯಾಕ್ಕೂ ಒಂದು ಉಂಡೆ ಹೊಲಿದುಬಿಟ್ಟಿದ್ದಳು.

"ಅತ್ತಿಗೇ, ಇದಕ್ಕೆ ಕೇಂದ್ರ ಇರಲ್ಲ!" ಎಂದಳು ಅಸಿಲ್‌ಕಾನ್.

"ಪಾಪ ಕಣೇ! ಅವೆರಡಕ್ಕೂ ಕೊಟ್ಟು ಇದಕ್ಕಿಲ್ಲ ಅಂದ್ರೆ ಹೇಗೆ?"

"ಅದೇ ವ್ಯತ್ಯಾಸ. ವಂಶದ ಗುಣ ಹೊರೋ ದಾರ ಅವುಗಳಲ್ಲಿ ಉಂಡೆಯೊಳಗೆ ಭದ್ರವಾಗಿರುತ್ತೆ. ಇದರಲ್ಲಿ ಸುಮ್ನೆ ಸುತ್ಕೊಂಡು ಬಿದ್ದಿರುತ್ತೆ. ಒಳಗೆ ಬೇರೆ ಕೋಣೆಗಳೂ ಇಲ್ಲ."

"ನಮ್ಮ ಗುಡಾರ ಅನ್ನು! ಅಡುಗೆ, ನಿದ್ದೆ, ಜಗಳ ಎಲ್ಲ ಒಂದೇ ಕಡೆ."

ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ನಾದಿನಿ ಅವಳನ್ನು ಶಾಲೆಗೆ ಕರೆದೊಯ್ದು, ಕುದುರೆ ಹಾಲು ಹುಳಿಸಿ ಮಾಡಿದ, ಅವಳ ಮನೆಯದೇ ಕುಮಿಸ್‌ನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು.

"ದುಂಡಗೆ ದೊಡ್ಡದಾಗಿರೋದು ಯೀಸ್ಟು, ಅದಕ್ಕೆ ಕೇಂದ್ರ ಉಂಟು. ಆ ಸಣ್ಣ ಸಣ್ಣ ಕಡ್ಡಿಗಳೇ ಬ್ಯಾಕ್ಟೀರಿಯಾ. ಕುದುರೆ ಹಾಲನ್ನ ಹುಳಿ ಮಾಡೋದು ಅವೇ."

"ಅಯ್ಯೋ, ಇಷ್ಟು ವರ್ಷ ಇವರನ್ನೆಲ್ಲ ಕುಡೀತಿದ್ನಾ!" ಜೂರಾಕಾನ್ ಬಾಯಿ ಮುಚ್ಚಿಕೊಂಡು ನಕ್ಕಳು. ಮನೆಗೆ ಹೋಗಿ ಉಂಡೆ ಬಿಚ್ಚಿ, ಆ ಜಾಗದಲ್ಲಿ ನೀಲಿ ದಾರದ ಸುರುಳಿ ಇಟ್ಟಳು.

ಜೂರಾಕಾನ್ ಕೂಡ ಬಂದು ಕೂತಿದ್ದ ಪಾಠವೇನೋ ಚೆನ್ನಾಗಿ ನಡೆಯಿತು. ಬಿಡುವಿನಲ್ಲಿ ಮಾತ್ರ ಮಕ್ಕಳು ಬ್ಯಾಕ್ಟೀರಿಯಾವನ್ನು ಅಂಗಳಕ್ಕೊಯ್ದು, ನಮ್ಮ ಕಡೆಯ ಆಟದಲ್ಲಿ ದೊಡ್ಡವರು ಕುದುರೆ ಮೇಲೆ ಕೂತು ಸತ್ತ ಮೇಕೆಯನ್ನು ಎಳೆದಾಡುವಂತೆ ಎಳೆದಾಡಿದರು. ಅದು ಪರ್ರನೆ ಎರಡಾಯಿತು. ಮಕ್ಕಳ ಮುಖ ಬಿಳಿಚಿತು.

ಅಸಿಲ್‌ಕಾನ್ ಬಂದು ನೋಡಿ, ಬೈಯಲು ಹೋಗಿ ನಕ್ಕುಬಿಟ್ಟಳು. "ಅತ್ತಿಗೇ, ಇವು ಹೆಚ್ಚೋದು ಹೀಗೇನೇ! ಒಂದು ಎರಡಾಗುತ್ತೆ. ಅದಕ್ಕೆ ಮುಂಚೆ ದಾರಾನೂ ಎರಡಾಗಿರುತ್ತೆ ಅಷ್ಟೆ."

"ಹಂಗಾದ್ರೆ ಇನ್ನೊಂದು ದಾರ ಕೊಡಿ, ಕತ್ತೆಗಳಾ!" ಎಂದು ಗದರಿದ ಜೂರಾಕಾನ್ ಅಂಗಳದಲ್ಲೇ ಕೂತು ಎರಡು ತುಂಡುಗಳಲ್ಲೂ ಒಂದೊಂದು ಸುರುಳಿ ಇಟ್ಟು ಬಾಯಿ ಹೊಲಿಯತೊಡಗಿದಳು. ಸೂಜಿಗೆ ದಾರ ಪೋಣಿಸಿಕೊಡಲು ಮಕ್ಕಳಲ್ಲಿ ನಾ ಮುಂದು ತಾ ಮುಂದು.